ಕಲ್ಲಿನ ಮೇಲಿನ ಕಿತ್ತಳೆ ಚೀಟಿ

ರೋಸ್ವಿತಾ ಮಂಡಿಯೂರಿ ಕೂತು ಬಾಡಿದ ಬೆಗೋನಿಯಾ ಗಿಡಗಳನ್ನು ಬೇರುಸಮೇತ ಕಿತ್ತು ಬಕೆಟ್ಟಿಗೆ ಹಾಕುತ್ತಿದ್ದಳು. ಸೆಪ್ಟೆಂಬರಿನ ಕೊನೆಯ ಶನಿವಾರ. ಮನೆ ಮುಂದಿನ ಬೀದಿ ಗುಡಿಸಿಯಾಗಿತ್ತು, ಸೂಪಿನ ಆಲೂಗಡ್ಡೆ ಹೆಚ್ಚಿ ನೀರಲ್ಲಿ ಬಿಟ್ಟಾಗಿತ್ತು, ಪ್ಲಮ್ ಹಣ್ಣಿನ ಕೇಕು ಕಿಟಕಿ ಕಟ್ಟೆಯ ಮೇಲೆ ಆರುತ್ತಿತ್ತು. ಅತ್ತೆ ಮಾವನ ಸಮಾಧಿಯ ಮೇಲೆ ಚಳಿ ತಡೆಯುವ ನಾಲ್ಕು ಹೂಗಿಡ ನೆಟ್ಟುಬಿಟ್ಟರೆ ಆ ವಾರದ ಕೆಲಸ ತೀರಿದ ಹಾಗೆ.

ಗಿಡ ನೆಟ್ಟು ನೀರು ಹಾಕಿ, ಬ್ರಷ್ ಅದ್ದಿಕೊಂಡು ಕಲ್ಲು ಉಜ್ಜಲು ಎದ್ದಳು. ಕಲ್ಲಿನ ಮೇಲೆ ಎರಡು ಹೆಸರು: ಕೊನ್ರಾಡ್ ಫೌಪೆಲ್, ಲೀನಾ ಫೌಪೆಲ್. ಅವುಗಳ ಕೆಳಗೆ ಇನ್ನೆರಡು ಹೆಸರು ಹಿಡಿಸುವಷ್ಟು ಬರೀ ಕಲ್ಲು. ಅತ್ತೆ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಅವತ್ತಿನಿಂದ ರೋಸ್ವಿತಾ ಹೆಸರುಗಳಿಗಿಂತ ಆ ಖಾಲಿ ಜಾಗವನ್ನೇ ಹೆಚ್ಚು ಉಜ್ಜುತ್ತಿದ್ದಳು. ಅಲ್ಲಿ ಗಂಡ ಎಕ್‌ಹಾರ್ಟನ ಹೆಸರು, ಅದರ ಕೆಳಗೆ ತನ್ನದು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾದ ಮಾತೂ ಅದಾಗಿರಲಿಲ್ಲ.

ಬ್ರಷ್ಷು ಕಲ್ಲಿನ ಅಂಚಿಗೆ ಹೋದಾಗ ಏನೋ ತೊಡರಿತು. ಬಗ್ಗಿ ನೋಡಿದಳು. ಅಂಗೈಯಗಲದ ಕಿತ್ತಳೆ ಬಣ್ಣದ ಚೀಟಿ. ‘ಈ ಸ್ಥಳದ ಹಕ್ಕಿನ ಅವಧಿ ಮುಗಿದಿದೆ. ಸಂಬಂಧಪಟ್ಟವರು ಪಟ್ಟಣದ ಕಚೇರಿಯಲ್ಲಿ ವಿಚಾರಿಸತಕ್ಕದ್ದು.’

ಅವಳು ಎರಡು ಸಲ ಓದಿದಳು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದಳು.

"ಬಿಟ್ಟುಬಿಡ್ತಿದ್ದೀರಂತೆ?" ಎಂದು ಹಿಂದಿನಿಂದ ದನಿ ಬಂತು. ಪಕ್ಕದ ಸಾಲಿನ ತಮ್ಮವರ ಸಮಾಧಿಗೆ ಬಂದಿದ್ದ ಎಲ್‌ಫ್ರೀಡೆ, ನೀರಿನ ಕ್ಯಾನು ಹಿಡಿದು ನಿಂತಿದ್ದಳು. "ನಾನು ನಮ್ಮೋರಿಗೆ ಅದನ್ನೇ ಹೇಳ್ತಿದ್ದೆ. ರೋಸ್ವಿತಾ ಇಷ್ಟು ಚೆಂದ ನೋಡ್ಕೊಂಡಳು, ಕಡೆಗೆ ಬೇಸರ ಬಂತೇನೋ ಅಂತ."

"ಯಾರು ಬಿಡ್ತಿರೋದು? ಇದು ಯಾವಾಗ ಅಂಟಿಸಿದ್ದು?"

"ಗುರುವಾರ. ಯಾಕೆ, ನಿಂಗೆ ಗೊತ್ತಿಲ್ವೇನೇ?"

ರೋಸ್ವಿತಾ ಹೆಬ್ಬೆರಳ ಉಗುರಿನಿಂದ ಚೀಟಿ ಕೆರೆದಳು. ಒಂದು ಮೂಲೆ ಕಿತ್ತು ಬಂತು, ಮಿಕ್ಕದ್ದು ಕಲ್ಲಿಗೆ ಕಚ್ಚಿಕೊಂಡೇ ಇತ್ತು. ಕೊನೆಗೆ ಬಕೆಟ್ಟನ್ನು ಎತ್ತಿ ಆ ಅಂಚಿಗೆ ಒರಗಿಸಿಟ್ಟು, ಚೀಟಿ ಮರೆಯಾಯಿತೆಂದು ನೋಡಿಕೊಂಡು ಮನೆಗೆ ಹೊರಟಳು. ಬಕೆಟ್ಟಿಲ್ಲದೆ ಅವಳು ಸ್ಮಶಾನದಿಂದ ಬಂದದ್ದು ಅದೇ ಮೊದಲು.

ಹಾಯ್ನ್‌ಬಾಖ್ ಹಳ್ಳಿಯಲ್ಲೇ ಅವಳು ಹುಟ್ಟಿದ್ದು ನಿಜ, ಆದರೆ ಊರಿನವಳಾಗಿರಲಿಲ್ಲ. ಮಹಾಯುದ್ಧ ಮುಗಿದ ಮೇಲೆ ಪೂರ್ವದ ಕಡೆಯಿಂದ ಹೊರದಬ್ಬಿಸಿಕೊಂಡು, ಎರಡು ಪೆಟ್ಟಿಗೆ ಹಿಡಿದು ಬಂದವರ ಮಗಳು. ಊರೆಲ್ಲ ಪ್ರಾಟೆಸ್ಟೆಂಟು, ಇವರೊಬ್ಬರು ಕ್ಯಾಥೊಲಿಕ್ಕು. ಅವಳ ಅಪ್ಪ ಅಮ್ಮನನ್ನು ಮಣ್ಣು ಮಾಡಿದ್ದು ಆಲ್ಟೆನ್‌ರೋಡ್ ಪಟ್ಟಣದಲ್ಲಿ. ಆ ಕಡೆ ಸಮಾಧಿಯ ಜಾಗ ಸಿಗುವುದು ಇಂತಿಷ್ಟು ವರ್ಷಕ್ಕೆ, ಆಮೇಲೆ ಅರ್ಜಿ ಹಾಕಿ ಮುಂದುವರಿಸಬೇಕು. ಅವರ ಅವಧಿ ಮುಗಿದ ಮೇಲೆ ಕಲ್ಲು ತೆಗೆದು ಅಲ್ಲಿ ಹುಲ್ಲು ಬಿತ್ತಿದ್ದರು. ಹಾಗಾಗಿ ಸತ್ತವರ ಜಾಗವೆಂದು ಅವಳಿಗೆ ಉಳಿದಿದ್ದುದು ಈ ಫೌಪೆಲ್ ಕಲ್ಲು ಒಂದೇ.

ಮಧ್ಯಾಹ್ನ ರೋಸ್ವಿತಾ ಸೂಪು ಬಡಿಸಿದಳು. ಶನಿವಾರದ ಊಟಕ್ಕೆ ಮಾಳಿಗೆಯಲ್ಲಿದ್ದ ಮಗನ ಸಂಸಾರವೂ ಕೆಳಗೇ ಬರುವುದು ವಾಡಿಕೆ. ಮಗ ಯೋರ್ನ್, ಮನೆಗಳಿಗೆ ಹೆಂಚು ಹೊದಿಸುವವನು. ಸೊಸೆ ಸಿಲ್ಕೆ, ಹಳ್ಳಿಹಳ್ಳಿ ಸುತ್ತಿ ವಯಸ್ಸಾದವರ ಆರೈಕೆ ಮಾಡುವ ನರ್ಸು. ಮೊಮ್ಮಗಳು ಮೇರ್ಲೆಗೆ ಹದಿನಾರು. ಮೇಜಿನ ತುದಿಗೆ ಎಕ್‌ಹಾರ್ಟ್. ಮೂವತ್ತನಾಲ್ಕು ವರ್ಷ ಅದೇ ಹಳ್ಳಿಗಳಿಗೆ ಬಸ್ಸು ಓಡಿಸಿದವನು.

"ನಿಮ್ಮಪ್ಪ ಅಮ್ಮನ ಕಲ್ಲಿನ ಮೇಲೆ ಚೀಟಿ ಅಂಟಿಸಿದಾರೆ," ಎಂದಳು ರೋಸ್ವಿತಾ.

ಎಕ್‌ಹಾರ್ಟ್ ಕೇಕಿನ ತುಂಡೊಂದನ್ನು ಸೂಪಿನ ಬಟ್ಟಲ ಪಕ್ಕಕ್ಕೆ ಎಳೆದುಕೊಂಡ. "ಯಾವ ಚೀಟಿ?"

"ಅವಧಿ ಮುಗೀತು ಅಂತ. ಗುರುವಾರದಿಂದ ಊರೆಲ್ಲ ಓದಿದೆ, ನಾನೊಬ್ಬಳು ಬಿಟ್ಟು. ಕಚೇರಿಯಿಂದ ನಿಂಗೆ ಕಾಗದ ಬಂದಿತ್ತಾ?"

"ಬಂದಿರಬಹುದು."

"ಬಂದಿರಬಹುದು ಅಂದ್ರೆ?"

"ಸೂಪು ಆರ್ತಾ ಇದೆ. ಉಣ್ಣು."

ಯೋರ್ನ್ ತನ್ನ ಬಟ್ಟಲಲ್ಲಿ ಏನೋ ಹುಡುಕುವವನ ಹಾಗೆ ಬಗ್ಗಿದ. ಸಿಲ್ಕೆ ಚಮಚ ಕೆಳಗಿಟ್ಟಳು. ಮೇರ್ಲೆ ಒಬ್ಬೊಬ್ಬರ ಮುಖವನ್ನೂ ನೋಡಿ, "ಅಜ್ಜ, ಅಜ್ಜಿಗೆ ಮರದ ವಿಷಯ ಇನ್ನೂ ಹೇಳೇ ಇಲ್ವಾ?" ಎಂದುಬಿಟ್ಟಳು.

"ಮೇರ್ಲೆ!" ಎಂದಳು ಸಿಲ್ಕೆ.

"ಯಾವ ಮರ?" ಎಂದಳು ರೋಸ್ವಿತಾ.

ಎಕ್‌ಹಾರ್ಟ್ ನಿಧಾನವಾಗಿ ಎದ್ದು, ಹಜಾರದ ಬೀರುವಿನ ಡ್ರಾಯರಿನಿಂದ ತನ್ನ ಹಳೇ ಬಸ್ಸಿನ ಟೋಪಿ ಎತ್ತಿ, ಅದರ ಅಡಿಯಲ್ಲಿದ್ದ ಕಾಗದ ತಂದು ಅವಳ ತಟ್ಟೆಯ ಪಕ್ಕ ಇಟ್ಟ. ಕೊನೆಯ ಹಳ್ಳಿ ದಾಟಿದರೆ ಸಿಗುವ ಕಾಡಿನಲ್ಲಿ, ಮರದ ಬುಡದಲ್ಲಿ ಸತ್ತವರ ಬೂದಿ ಹೂಳುವ ಜಾಗವೊಂದನ್ನು ಮಾಡಿದ್ದರು. ಅಲ್ಲಿಯ ಪತ್ರ ಅದು. ಬೀಚ್ ಜಾತಿಯ ಮರ, ಸಂಖ್ಯೆ ಎಂಬತ್ತೆಂಟು. ಎರಡು ಜಾಗ. ಒಂದು ಎಕ್‌ಹಾರ್ಟ್ ಫೌಪೆಲ್. ಇನ್ನೊಂದು ರೋಸ್ವಿತಾ ಫೌಪೆಲ್. ಅವಳ ಹುಟ್ಟಿದ ದಿನ ತುಂಬಿಸಿತ್ತು. ಅದರ ಪಕ್ಕದ ಖಾನೆಯೊಂದು ಖಾಲಿ.

"ನನ್ನ ಹೆಸರು ಯಾರು ಬರೆದದ್ದು?"

"ನಾನು."

"ನನ್ನ ಕೇಳಿದ್ಯಾ?"

"ಕೇಳೋಣ ಅಂತಿದ್ದೆ."

"ಯಾವಾಗ ಮಾಡಿದ್ದು ಇದನ್ನ?"

"ಏಪ್ರಿಲ್‌ನಲ್ಲಿ."

"ಮೇ ತಿಂಗಳಲ್ಲಿ ಬಾಗಿಲಿಗೆ ಚಿನ್ನದ ಬಣ್ಣದ ತೋರಣ ಕಟ್ಟಿಸಿ, ಮದುವೆಯಾಗಿ ಐವತ್ತು ವರ್ಷ ಆಯ್ತು ಅಂತ ಊರ ಮುಂದೆ ನನ್ನ ಕುಣಿಸಿದೆಯಲ್ಲ. ಆಗ ಈ ಕಾಗದ ಡ್ರಾಯರಲ್ಲಿ ಇತ್ತಾ?"

"ಇತ್ತು."

ರೋಸ್ವಿತಾ ಎದ್ದು, ತನ್ನ ಬಟ್ಟಲಿನ ಸೂಪನ್ನು ಪಾತ್ರೆಗೆ ವಾಪಸು ಸುರಿದು, ಬಟ್ಟಲು ತೊಳೆದು ಬೋರಲು ಹಾಕಿದಳು. ಇಷ್ಟು ವರ್ಷದಲ್ಲಿ ಊಟದ ನಡುವೆ ಎದ್ದವಳಲ್ಲ ಅವಳು. "ಕೇಕು ಚೆನ್ನಾಗಿದೆ ಅಮ್ಮ," ಎಂದ ಯೋರ್ನ್.

"ತಿನ್ನು. ನಿಂಗೂ ಗೊತ್ತಿತ್ತಲ್ಲ, ತಿನ್ನು."

ಸೋಮವಾರದಿಂದ ಅಡಿಗೆಮನೆಯ ನಡೆ ಬದಲಾಯಿತು. ರೋಸ್ವಿತಾ ಅಡಿಗೆ ಮಾಡುತ್ತಿದ್ದಳು, ತನ್ನ ತಟ್ಟೆ ಒಂದನ್ನೇ ಮೇಜಿಗೆ ಇಡುತ್ತಿದ್ದಳು. ಎಕ್‌ಹಾರ್ಟ್ ಮೂರು ದಿನ ಬ್ರೆಡ್ಡೂ ಒಣ ಸಾಸೇಜೂ ತಿಂದ. ನಾಲ್ಕನೇ ದಿನ ಒಂದು ಮೊಟ್ಟೆ ಬೇಯಿಸಲು ಹೋಗಿ ಪಾತ್ರೆಯ ನೀರೆಲ್ಲ ಇಂಗಿಸಿ ತಳ ಸೀಯಿಸಿದ.

"ಕಿಟಕಿ ತೆಗಿ," ಎಂದಳು ರೋಸ್ವಿತಾ. ಆ ವಾರ ಅವನಿಗೆ ಅವಳು ಆಡಿದ ಮಾತು ಅಷ್ಟೇ.

ಸಿಲ್ಕೆ ಒಗೆದ ಬಟ್ಟೆ ಮಡಿಸುವ ನೆಪದಲ್ಲಿ ಕೆಳಗೆ ಬಂದಳು. "ಅತ್ತೆ, ಸಿಟ್ಟು ಮಾಡ್ಕೋಬೇಡಿ. ನಾನು ದಿನಕ್ಕೆ ಹದಿನೆಂಟು ಮನೆ ಸುತ್ತೀನಿ. ಕಣ್ಣಿಗೆ ಔಷಧಿ, ಕಾಲಿಗೆ ಪಟ್ಟಿ, ಬೆನ್ನು ತೊಳೆಯೋದು. ಶನಿವಾರ ಒಂದಿನ ಸಿಗುತ್ತೆ. ನಾಳೆ ನೀವಿಲ್ಲದ ಕಾಲಕ್ಕೆ ಅಲ್ಲಿಗೆ ನೀರು ಹೊರೋದು ಯಾರು?"

"ನಿನ್ನ ಕೇಳಿದೆನಾ ನಾನು?"

"ಕೇಳಲ್ಲ ನೀವು. ಕಳೆ ಬೆಳೆದಿದೆ ಅಂತ ಎಲ್‌ಫ್ರೀಡೆ ಊರಿಗೆಲ್ಲ ಸಾರ್ತಾರಲ್ಲ, ಆಗ ಹೆಸರು ಕೆಡೋದು ನಂದು. ಮರಕ್ಕೆ ನೀರು ಹಾಕೋದು ಬೇಡ, ಯಾರೂ ಏನೂ ಅನ್ನಲ್ಲ."

"ಮರ ನೋಡಿದೀಯಾ ನೀನು?"

"ನೋಡಿದೀನಿ."

"ಹಾಗಾದ್ರೆ ನಂಗೂ ತೋರ್ಸು. ಅಲ್ಲಿ ನನ್ನ ಹೆಸರಿದೆಯಂತಲ್ಲ."

ಮಾರನೇ ವಾರ ಸಿಲ್ಕೆ ತನ್ನ ಪುಟ್ಟ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ ಮೂರು ಹಳ್ಳಿ, ಐದು ಮನೆ. ಪ್ರತಿ ಮನೆಯ ಮುಂದೂ ರೋಸ್ವಿತಾ ತೊಡೆಯ ಮೇಲೆ ಒಂದು ಹೂಕುಂಡ ಇಟ್ಟುಕೊಂಡು ಕಾರಲ್ಲೇ ಕಾದಳು. ಒಂದು ಮನೆಯೊಳಗಿಂದ ಮುದುಕನೊಬ್ಬ ಸಿಲ್ಕೆಯ ಮೇಲೆ ರೇಗುವುದು ಬೀದಿಗೆ ಕೇಳುತ್ತಿತ್ತು. ಅವಳು ಹೊರಬಂದಾಗ ಒಂದು ತೋಳು ಮೊಣಕೈತನಕ ಒದ್ದೆ.

"ದಿನಾ ಹೀಗೇನಾ?"

"ಇವತ್ತು ಅವರು ಒಳ್ಳೇ ಮೂಡಲ್ಲಿದ್ರು," ಎಂದು ಸಿಲ್ಕೆ ಗಾಡಿ ಹೊರಡಿಸಿದಳು.

ಕಾಡಿನಲ್ಲಿ ಎಲೆ ಉದುರುತ್ತಿತ್ತು. ಎಂಬತ್ತೆಂಟನೇ ಮರಕ್ಕೆ ಬಟ್ಟೆಗುಂಡಿಯಷ್ಟಗಲದ ತಗಡು ಹೊಡೆದಿತ್ತು. ಅದರಲ್ಲಿ ಅಂಕಿ ಬಿಟ್ಟು ಏನೂ ಇಲ್ಲ. ರೋಸ್ವಿತಾ ಸುತ್ತ ನೋಡಿದಳು. ಎಲ್ಲ ಮರವೂ ಒಂದೇ. ಬಗ್ಗಿ ಹೂಕುಂಡವನ್ನು ಬುಡಕ್ಕೆ ಇಟ್ಟಳು.

"ಇಡೋ ಹಾಗಿಲ್ಲ ಅತ್ತೆ. ಹೂವು, ದೀಪ, ಕಲ್ಲು ಏನೂ ಇಡಬಾರದು. ಬೋರ್ಡು ಹಾಕಿದಾರೆ ನೋಡಿ."

"ಹೂವೂ ಇಡಬಾರದಾ?"

"ಕಾಡು ಕಾಡಿನ ಹಾಗೇ ಇರಬೇಕಂತೆ."

ರೋಸ್ವಿತಾ ಬೋರ್ಡನ್ನು ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಕುಂಡ ಎತ್ತಿಕೊಂಡು ಕಾರಿಗೆ ಬಂದು ಕೂತಳು. ಪಟ್ಟಣದ ತಿರುವು ಬಂತು.

"ಇಲ್ಲೇ ಇಳಿಸಿಬಿಡು," ಎಂದಳು. "ಕಚೇರಿಗೆ ಹೋಗಿ ಬಸ್ಸಲ್ಲಿ ಬರ್ತೀನಿ."

ಸುತ್ತಿನ ಏಳೂ ಹಳ್ಳಿಗಳನ್ನು ಆಲ್ಟೆನ್‌ರೋಡಿಗೆ ಸೇರಿಸಿದ ಮೇಲೆ ಸ್ಮಶಾನಗಳ ಕಡತವೂ ಅಲ್ಲಿಗೇ ಹೋಗಿತ್ತು. ಮೇಜಿನ ಹಿಂದೆ ಕೆಂಚು ಗಡ್ಡದ ತರುಣನಿದ್ದ. ಒಳ್ಳೆಯವನು, ಎದ್ದು ಕುರ್ಚಿ ಎಳೆದುಕೊಟ್ಟ.

"ಹಾಯ್ನ್‌ಬಾಖ್, ಮೂರನೇ ಸಾಲು, ಫೌಪೆಲ್. ಹಕ್ಕುದಾರರು ಎಕ್‌ಹಾರ್ಟ್ ಫೌಪೆಲ್. ಮಾರ್ಚಿ, ಜೂನು, ಆಗಸ್ಟು, ಮೂರು ಸಲ ಕಾಗದ ಹಾಕಿದೀವಿ ಅಮ್ಮ. ಉತ್ತರ ಇಲ್ಲ. ಅದಕ್ಕೇ ಚೀಟಿ."

"ನಾನು ಅವರ ಹೆಂಡತಿ. ಎಲ್ಲಿ ರುಜು ಹಾಕಬೇಕು ಹೇಳಿ, ಹಾಕ್ತೀನಿ."

"ನಿಮ್ಮ ಹೆಸರು ಇದರಲ್ಲಿ ಇಲ್ವಲ್ಲ."

"ಮೂವತ್ತು ವರ್ಷ ನಾನು ನೀರು ಹಾಕಿದೀನಿ."

ತರುಣ ನಿಜವಾಗಿಯೂ ಕಡತವನ್ನು ಇನ್ನೊಮ್ಮೆ ನೋಡಿದ. "ಅದಕ್ಕೆ ಖಾನೆ ಇಲ್ಲ ಅಮ್ಮ."

"ಕಾಗದ ಬರದೇ ಹೋದ್ರೆ?"

"ನವೆಂಬರ್ ಮುಗಿಯೋವರೆಗೆ ನೋಡ್ತೀವಿ. ಚಳಿಗಾಲ ಕಳೆದ ಮೇಲೆ ಕಲ್ಲು ಎತ್ತಿಸ್ತೀವಿ, ಹುಲ್ಲು ಬಿತ್ತೀವಿ."

"ಕಲ್ಲು ಏನಾಗುತ್ತೆ?"

ಅವನಿಗೆ ಹೇಳಲು ಮನಸ್ಸಿರಲಿಲ್ಲ. "ಒಡೆದು ಜಲ್ಲಿ ಮಾಡ್ತಾರೆ. ರಸ್ತೆಗೆ."

ತರುಣ ಒಂದು ಲೋಟ ನೀರು ತಂದುಕೊಟ್ಟ. ಅವಳು ಕುಡಿದು, ಬಾಯಿ ಒರೆಸಿಕೊಂಡು, ಬಾಗಿಲವರೆಗೆ ಹೋದವಳು ತಿರುಗಿ ನಿಂತು ಇನ್ನೊಂದು ಮಾತು ಕೇಳಿದಳು. ಅವನು ಉತ್ತರ ಹೇಳಿದ. ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಬಸ್ಸು ಹತ್ತಿದಳು.

ನವೆಂಬರ್ ಬಂತು. ಸತ್ತವರನ್ನು ನೆನೆಯುವ ಭಾನುವಾರ ಹತ್ತಿರವಾಯಿತು. ಹಿಂದಿನ ದಿನ ಎಲ್ಲರ ಸಮಾಧಿಯ ಮೇಲೂ ಫರ್ ಮರದ ಹಸಿರು ಹೊದಿಸಿರಬೇಕು, ಇಲ್ಲದಿದ್ದರೆ ಊರು ಬಾಯಿಗೆ ಬಂದ ಹಾಗೆ ಆಡಿಕೊಳ್ಳುತ್ತದೆ. ಆ ಶನಿವಾರ ಬೆಳಿಗ್ಗೆ ರೋಸ್ವಿತಾ ಮೇಜಿನ ಮೇಲೆ ಹಸಿರು ರೆಂಬೆಗಳನ್ನು ಹರಡಿಕೊಂಡು ಕತ್ತರಿಸುತ್ತಿದ್ದಳು. ಎಕ್‌ಹಾರ್ಟ್ ಎದುರಿಗೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಈಚೆಗೆ ಆ ಕೆಲಸ ತಾನಾಗಿ ವಹಿಸಿಕೊಂಡಿದ್ದ. ಸಿಪ್ಪೆಯೊಂದಿಗೆ ಅರ್ಧ ಆಲೂಗಡ್ಡೆ ಹೋಗುತ್ತಿತ್ತು.

ಅವಳು ಡ್ರಾಯರಿನಿಂದ ತಂದಿಟ್ಟಿದ್ದ ಲಕೋಟೆಯನ್ನು ಅವನ ಮುಂದೆ ಸರಿಸಿದಳು. ಮಾರ್ಚಿಯಲ್ಲಿ ಕಚೇರಿಯಿಂದ ಬಂದ ನಮೂನೆ ಅದರಲ್ಲಿತ್ತು. ಹೊರಗೆ ವಿಳಾಸ ಬರೆದಿತ್ತು, ಅಂಚೆಚೀಟಿಯೂ ಹಚ್ಚಿತ್ತು. ಒಳಗೆ ಮಾತ್ರ ಒಂದಕ್ಷರ ಇಲ್ಲ.

"ಅಂಚೆಚೀಟಿ ಹಚ್ಚೋಕಾದ್ರೂ ಮನಸ್ಸು ಬಂತಲ್ಲ. ರುಜು ಹಾಕು."

"ಆಗಲ್ಲ ರೋಸ್ವಿತಾ."

"ಅಷ್ಟು ಬೇಡವಾದ್ಳಾ ನಿಂಗೆ ನಿಮ್ಮಮ್ಮ?"

"ಅಮ್ಮನ ಮಾತಲ್ಲ ಇದು." ಅವನು ಚಾಕು ಕೆಳಗಿಟ್ಟ. "ಅಪ್ಪಂದು. ಸಾಯೋ ಮುಂಚೆ ನನ್ನ ಹತ್ರ ಮಾತು ತಗೊಂಡ."

"ಏನಂತ?"

ಅವನು ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದ.

"ಏನಂತ, ಎಕ್‌ಹಾರ್ಟ್?"

"ಆ ಪೆಟ್ಟಿಗೆಯವರ ಮಗಳನ್ನ ನಮ್ಮ ಜೊತೆ ಮಣ್ಣಿಗೆ ಹಾಕಬೇಡ. ನೀನು ಬಾ, ಅವಳು ಬೇಡ. ಅಂತ. ನನ್ನ ಕೈ ಹಿಡ್ಕೊಂಡಿದ್ದ. ಬಿಡ್ಲಿಲ್ಲ. ನಾನು ಹೂಂ ಅಂದೆ."

ರೋಸ್ವಿತಾಳ ಕೈಯ ಕತ್ತರಿ ರೆಂಬೆಯ ಮೇಲೇ ನಿಂತಿತು. ಮದುವೆಯ ದಿನ ಈ ಮಾವ ಊಟದ ಮೇಜಿಗೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದ, ಆ ಸದ್ದು ಮೇಜಿನವರೆಗೆ ಕೇಳುತ್ತಿತ್ತು. ಎಂಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಆದರೂ ಕೊನೆಯ ಆರು ತಿಂಗಳು ಅವನನ್ನು ಎತ್ತಿ ಕೂರಿಸಿ ಬಾಯಿಗೆ ಗಂಜಿ ಹಾಕಿದ್ದು ಅವಳೇ. ಸಾಯುವಾಗ ಮನಸ್ಸು ಕರಗಿರಬೇಕೆಂದು ಇಷ್ಟು ವರ್ಷ ನಂಬಿದ್ದಳು.

"ಅವತ್ತು ಬೆಳಿಗ್ಗೆ ನಾನು ಅವರ ಗಡ್ಡ ಹೆರೆದಿದ್ದೆ," ಎಂದಳು. "ನೀನು ಹೂಂ ಅಂದೆಯಾ?"

"ಅಂದೆ."

"ನಲವತ್ತೆರಡು ವರ್ಷ ಮುಚ್ಚಿಟ್ಟೆಯಾ?"

"ನೀನು ಶನಿವಾರ ಶನಿವಾರ ಬಕೆಟ್ಟು ಹಿಡ್ಕೊಂಡು ಹೋಗ್ತಿದ್ದೆ. ಹೇಗೆ ಹೇಳ್ಲಿ? ಹೇಳಿದ್ರೆ ನೀನು ಒಡೆದು ಹೋಗ್ತೀಯ. ಜಾಗ ಮುಂದುವರಿಸಿದ್ರೆ ಅಪ್ಪನಿಗೆ ಕೊಟ್ಟ ಮಾತು ಹೋಗುತ್ತೆ. ಆ ಜಾಗನೇ ಇಲ್ಲದೇ ಹೋದ್ರೆ ಯಾರಿಗೂ ಏನೂ ಇಲ್ಲ ಅಂದ್ಕೊಂಡೆ. ಮರದ ಹತ್ರ ನಾವಿಬ್ಬರೇ. ಅವನಿಲ್ಲ."

"ಅದಕ್ಕೆ ನನ್ನ ಕಾಡಿಗೆ ಹಾಕೋಕೆ ಹೊರಟೆ."

"ಇಬ್ಬರನ್ನೂ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ರೋಸ್ವಿತಾ ಎದ್ದು ಉರಿ ಆರಿಸಿದಳು. ಬೆನ್ನು ಮಾಡಿ ನಿಂತಿದ್ದವಳ ಹೆಗಲು ಅಲುಗುವುದನ್ನು ನೋಡಿ ಎಕ್‌ಹಾರ್ಟ್ ಅಳುತ್ತಿದ್ದಾಳೆಂದುಕೊಂಡ. ಆದರೆ ಅವಳು ತಿರುಗಿದಾಗ ಕಣ್ಣು ಒಣಗಿಯೇ ಇತ್ತು. ಚೀಲದಿಂದ ಕೆಂಚು ಗಡ್ಡದವನು ಬರೆದುಕೊಟ್ಟ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ನೋಡಿ ಬರಿ. ಎರಡೇ ಸಾಲು. ಈ ಸ್ಥಳದ ಹಕ್ಕನ್ನ ನನ್ನ ಹೆಂಡತಿಗೆ ಬಿಟ್ಟುಕೊಟ್ಟಿದ್ದೀನಿ ಅಂತ. ಕೆಳಗೆ ನಿನ್ನ ರುಜು. ನಮೂನೆ ನಾನು ತುಂಬ್ತೀನಿ, ನನ್ನ ಹೆಸರಲ್ಲಿ."

"ಆದ್ರೆ ಅಪ್ಪನಿಗೆ ಕೊಟ್ಟ ಮಾತು..."

"ಮಾತು ಕೊಟ್ಟೋನು ನೀನು. ನಾನು ಯಾರಿಗೂ ಏನೂ ಕೊಟ್ಟಿಲ್ಲ. ನೀನು ನನ್ನ ಅಲ್ಲಿ ಹಾಕ್ಬೇಡ. ನನ್ನ ಜಾಗಕ್ಕೆ ನಾನು ಹೋಗ್ತೀನಿ."

ಅಷ್ಟರಲ್ಲಿ ಸಿಲ್ಕೆಯೂ ಮೇರ್ಲೆಯೂ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ, ಇಬ್ಬರ ಮುಖವೂ ಬಿಳಿಚಿತ್ತು.

"ಇನ್ನು ಮೇಲೆ ಕೊನ್ರಾಡ್ ಫೌಪೆಲ್ ಮಲಗಿರೋದು ಪೆಟ್ಟಿಗೆಯವರ ಮಗಳ ಜಾಗದಲ್ಲಿ," ಎಂದಳು ರೋಸ್ವಿತಾ. "ನಾನೇನೂ ಅವರನ್ನ ಎಬ್ಬಿಸಿ ಕಳಿಸಲ್ಲ. ಇರ್ಲಿ ಪಾಪ."

ಮೇರ್ಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನಗು ಜಾರಿತು, ಹಿಂದೆಯೇ ಕಣ್ಣಲ್ಲಿ ನೀರು.

"ಸಿಲ್ಕೆ, ನೀನೂ ಕೇಳಿಸ್ಕೊ. ಗಿಡ ತೆಗೆಸಿ ಅಗಲ ಕಲ್ಲುಹಾಸು ಹಾಕಿಸ್ತೀನಿ. ನಿಂಗೆ ನೀರು ಹೊರೋ ಕೆಲಸ ಇಲ್ಲ. ಎಲ್‌ಫ್ರೀಡೆ ಏನಾದ್ರೂ ಅಂದ್ರೆ ಅತ್ತೆ ಮಾಡಿದ್ದು ಅನ್ನು."

"ಶನಿವಾರ ಒಂದು ಹೂವು ಇಡೋಕೆ ನಂಗೇನೂ ಭಾರ ಇಲ್ಲ ಅತ್ತೆ," ಎಂದಳು ಸಿಲ್ಕೆ. "ವಾರವೆಲ್ಲ ಆ ಹದಿನೆಂಟು ಮನೆ ಸುತ್ತಿದ ಮೇಲೆ."

ಎಕ್‌ಹಾರ್ಟ್ ಕೈ ತೊಳೆದು ಬಂದು ಕನ್ನಡಕ ಹಾಕಿಕೊಂಡ. ಎರಡು ಸಾಲಿಗೆ ಕಾಲು ಗಂಟೆ ಹಿಡಿಯಿತು. ರುಜು ಹಾಕುವಾಗ ಪೆನ್ನು ಒಮ್ಮೆ ನಿಂತು ಮತ್ತೆ ಹೊರಟಿತು. ರೋಸ್ವಿತಾ ನಮೂನೆ ತುಂಬಿದಳು. ಹಕ್ಕುದಾರರ ಹೆಸರು ಎಂಬಲ್ಲಿ ಅಕ್ಷರ ಅಕ್ಷರ ಬಿಡಿಸಿ ಬರೆದು, ಎರಡನ್ನೂ ಲಕೋಟೆಗೆ ಹಾಕಿ ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿದಳು. ಅಂಚೆಚೀಟಿಯ ಒಂದು ಮೂಲೆ ಇಷ್ಟು ತಿಂಗಳಲ್ಲಿ ಸುರುಳಿ ಸುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಹನ್ನೊಂದೂವರೆಗೆ ಡಬ್ಬಿ ತೆಗೀತಾರೆ," ಎಂದು ಕೋಟು ಹಾಕಿಕೊಂಡು ಹೊರಟಳು.

"ನಾನು?" ಎಂದ ಎಕ್‌ಹಾರ್ಟ್.

"ನೀನು ಮರ ತಗೊಂಡಿದೀಯಲ್ಲ."

ಅಂಚೆಯ ಹಳದಿ ಡಬ್ಬಿ ಇದ್ದುದು ಬಸ್ ನಿಲ್ದಾಣದ ಪಕ್ಕ, ಅವನು ಮೂವತ್ತನಾಲ್ಕು ವರ್ಷ ಬಸ್ಸು ನಿಲ್ಲಿಸುತ್ತಿದ್ದ ಜಾಗದಲ್ಲೇ. ರೋಸ್ವಿತಾ ಅಲ್ಲಿಗೆ ತಲುಪುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಎಕ್‌ಹಾರ್ಟ್, ಮನೆಯೊಳಗೆ ಹಾಕುವ ಉಣ್ಣೆ ಚಪ್ಪಲಿಯಲ್ಲೇ, ಕೋಟಿಲ್ಲದೆ ಬರುತ್ತಿದ್ದ. ಎದುರು ಮನೆಯ ಮುಂದೆ ಬೀದಿ ಗುಡಿಸುತ್ತಿದ್ದ ಎಲ್‌ಫ್ರೀಡೆ ಪೊರಕೆ ಊರಿ ನಿಂತಳು.

"ರೋಸ್ವಿತಾ," ಎಂದ ಅವನು, ಏದುಸಿರು ಬಿಡುತ್ತಾ. "ನಿನ್ನ ಜಾಗದಲ್ಲಿ... ಇನ್ನೊಬ್ಬರಿಗೆ ಆಗುತ್ತಾ?"

"ಯಾರಿಗೆ?"

"ನಂಗೆ. ಕೇಳ್ತಾ ಇದೀನಿ."

ಐವತ್ತು ವರ್ಷದಲ್ಲಿ ಅವನು ಅವಳನ್ನು ಏನನ್ನಾದರೂ ಕೇಳಿದ್ದು ನೆನಪಿಗೆ ಬರಲಿಲ್ಲ. ಮದುವೆಯ ಮಾತನ್ನೂ ಕೇಳಿರಲಿಲ್ಲ, ಹೇಳಿದ್ದ. ರೋಸ್ವಿತಾ ಅವನ ಒದ್ದೆಯಾದ ಚಪ್ಪಲಿ ನೋಡಿದಳು, ನಡುಗುತ್ತಿದ್ದ ಗಲ್ಲ ನೋಡಿದಳು.

"ಮೊದಲು ಇದು ಹೋಗ್ಲಿ," ಎಂದು ಡಬ್ಬಿಯ ತಗಡಿನ ಮುಚ್ಚಳ ಎತ್ತಿ, ಲಕೋಟೆಯನ್ನು ಒಳಗೆ ತಳ್ಳಿದಳು. ಅದು ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಕೈ ಹೊರಗೆ ತೆಗೆಯಲಿಲ್ಲ.